ಕೊಕ್ಕರೆ ಸೇತುವೆಯ ತಿರುವು

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ಧಾರವಾಡದಿಂದ ಬಂದು ವಾರವಾದರೂ ಅವ್ವನಿಗೆ ನಾನು ಬೆಂಗಳೂರು ತೋರಿಸಿರಲಿಲ್ಲ. ಒಂದು ಭಾನುವಾರ ಅವಳನ್ನು ಕರೆದುಕೊಂಡು ಆರ್.ಟಿ. ನಗರದಿಂದ ಹೊರಟೆ. ಮತ್ತಿಕೆರೆಗೆ ಬಸ್ಸಿನಲ್ಲಿ ತಲೆಗೆ ನಲವತ್ತು ಪೈಸೆ. ಅಲ್ಲಿಂದ ಮುಂದೆ ಬಿಸಿಲಲ್ಲಿ ನಡಿಗೆ. ದಾರಿಯ ಹೋಟೆಲಿನಲ್ಲಿ ಇಡ್ಲಿ ತಿಂದೆವು. ಚಟ್ನಿ ಬರೀ ನೀರು, ಆದರೂ ಅವ್ವ ಎರಡು ಸಲ ಹಾಕಿಸಿಕೊಂಡಳು.

ನೋಡಬೇಕಾಗಿದ್ದದ್ದು ರೈಲು ಹಳಿಯ ಮೇಲಿನ ಕಾಲ್ಸೇತುವೆ. ಪೇಟೆಯ ಕಡೆ ಬಾಲ, ಹೊಲಗಳ ಕಡೆ ಕತ್ತು ಬಾಗಿಸಿದ ಕಾಂಕ್ರೀಟಿನ ಕೊಕ್ಕರೆ. ಬಾಲ ಹತ್ತಿ, ಬೆನ್ನ ಮೇಲೆ ನಡೆದು, ಸುತ್ತಿಕೊಂಡ ಕತ್ತಿನೊಳಗಿನ ಮೆಟ್ಟಿಲಲ್ಲಿ ರಾಗಿ ಹೊಲಕ್ಕೆ ಇಳಿಯಬೇಕು. ಆಫೀಸಿನವರೆಲ್ಲ ಇಲ್ಲಿ ಫೋಟೊ ತೆಗೆಸಿಕೊಂಡಿದ್ದರು. ನಾನೂ ಒಂದು ಕ್ಯಾಮೆರಾ ಎರವಲು ತಂದಿದ್ದೆ.

"ಭಾಳ ಚಂದ ಐತಿ. ಆದ್ರ ಹೊರಿ ಹೊತ್ತವರು ಹೆಂಗ ಇಳೀತಾರ?" ಎಂದಳು ಅವ್ವ. ಇದು ಕಲೆ, ಹೊರೆ ಹೊರುವವರಿಗಲ್ಲ ಎಂದು ನಾನು ದೊಡ್ಡ ಮನುಷ್ಯನಂತೆ ವಿವರಿಸಿದೆ.

ಕತ್ತಿನ ಮೇಲ್ತುದಿಯಲ್ಲಿದ್ದಾಗ ಕೆಳಗಿನಿಂದ ತಮಟೆ ಕೇಳಿಸಿತು. ಹಳ್ಳಿಯವರು ಚಟ್ಟ ಹೊತ್ತು ಹತ್ತಿ ಬರುತ್ತಿದ್ದರು. ಅವರ ಸ್ಮಶಾನ ಪೇಟೆಯ ಕಡೆಯಿತ್ತು, ಹಳಿ ದಾಟೋಣವೆಂದರೆ ಗೂಡ್ಸ್ ಗಾಡಿ ಅಡ್ಡ ನಿಂತಿತ್ತು. ತಿರುವಿನಲ್ಲಿ ಚಟ್ಟ ಗೋಡೆಗೆ ಸಿಕ್ಕಿಕೊಂಡು ಒಂದು ಪಕ್ಕಕ್ಕೆ ವಾಲಿತು. ಹಣೆಗೆ ನಾಣ್ಯ ಅಂಟಿಸಿದ್ದ ಮುದುಕಿಯ ತಲೆ ಹೊರಕ್ಕೆ ಜಾರಿತು. ಮುಂದೆ ಬೆಂಕಿಯ ಮಡಕೆ ಹಿಡಿದಿದ್ದ ಮಗ ಅದನ್ನು ಕೆಳಗಿಡುವಂತಿರಲಿಲ್ಲ. ನನ್ನತ್ತ ನೋಡಿ ಕೂಗಿದ.

"ಸಾಮಿ, ಒಸಿ ಇಡ್ಕಳಿ! ನಮ್ಮವ್ವ ಬಿದ್ದೋಯ್ತಾಳೆ!"

"ನನಗೆ ಬೆನ್ನು ನೋವು" ಎಂದೆ. ಶುದ್ಧ ಸುಳ್ಳು. ಯಾವ ಜನವೋ, ಯಾವ ರೋಗವೋ ಎಂದು ಕ್ಯಾಮೆರಾ ಅವಚಿಕೊಂಡು ಗೋಡೆಗೆ ಅಂಟಿ ನಿಂತೆ.

ಅವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ತಡೀರೆಪ್ಪಾ, ನಾ ಹಿಡಿತೀನಿ" ಎಂದು ಇಳಿದು, ಒಂದು ಕೈಯಲ್ಲಿ ಬಿದಿರು, ಇನ್ನೊಂದರಲ್ಲಿ ಮುದುಕಿಯ ತಲೆ ಹಿಡಿದು ತಿರುವು ದಾಟಿಸಿದಳು. ಹೆಂಗಸು ಚಟ್ಟಕ್ಕೆ ಕೈ ಕೊಟ್ಟದ್ದನ್ನು ನಾನು ಎಂದೂ ಕಂಡಿರಲಿಲ್ಲ. ಅವರೂ ಕಂಡಿರಲಿಕ್ಕಿಲ್ಲ, ಆದರೆ ಯಾರೂ ಬೇಡವೆನ್ನಲಿಲ್ಲ. ದಾಟಿದ ಮೇಲೆ ಮಗ ಅವ್ವನಿಗೆ ತಲೆ ಬಾಗಿಸಿದ, ನನ್ನತ್ತ ನೋಡಲೂ ಇಲ್ಲ.

ಹೊಲಕ್ಕೆ ಇಳಿಯದೆ ಹಿಂದಿರುಗಿದೆವು. ಬಸ್ಸಿನಲ್ಲಿ ಸೀಟು ಖಾಲಿಯಿದ್ದರೂ ಅವ್ವ ಯಾರಿಗೂ ತಾಗದಂತೆ ಹಿಂದೆ ನಿಂತೇ ಬಂದಳು.

ಮನೆಗೆ ಬಂದವಳೇ ತಲೆಯ ಮೇಲೆ ನೀರು ಸುರಿದುಕೊಂಡಳು. ನಾನೂ ರೂಢಿಯಂತೆ ಟವೆಲ್ ಹಿಡಿದು ಬಚ್ಚಲಿನ ಬಾಗಿಲಿಗೆ ಹೋದೆ. ಅವ್ವ ಒದ್ದೆ ಕೂದಲು ಹಿಂಡುತ್ತಾ ಹೊರಬಂದು ನನ್ನನ್ನು ನೋಡಿದಳು.

"ನಿನಗ್ಯಾಕೋ ಸ್ನಾನ? ನೀ ಏನ್ ಮುಟ್ಟೀದಿ?"