ಶಟರ್ ತೆರೆದಿದ್ದಾಗ

ಜಲಪಾತವನ್ನು ಹಾಲಿನ ಹಾಗೆ ತೆಗೆಯುವ ಹುಚ್ಚು ಆಗ ನನ್ನ ಗಂಡನಾಗಿದ್ದವನಿಗೆ ಹತ್ತಿದ್ದು ನಲವತ್ತು ದಾಟಿದ ಮೇಲೆ. ಅವನಿಂದ ಅದು ನನಗೂ ಅಂಟಿತು. ಮಳೆಗಾಲದಲ್ಲಿ ಮುಂಬೈಯ ಉಳಿದ ಜನ ಹಳಿಯ ಮೇಲೆ ನೀರು ನಿಂತಿದೆಯೆಂದು ಗೋಳಾಡುತ್ತಿದ್ದರೆ ನಾವು ಚೆಂಬೂರಿನಲ್ಲಿ ಮೊದಲ ಪನವೇಲ್ ಲೋಕಲ್ ಹಿಡಿದು, ಕಾಲ ಸಂದಿಯಲ್ಲಿ ಟ್ರೈಪಾಡ್ ಇಟ್ಟುಕೊಂಡು, ಖಾರ್ಘರ್ ಗುಡ್ಡದ ಕಡೆ ಹೊರಟುಬಿಡುತ್ತಿದ್ದೆವು. ಹೆಸರುವಾಸಿ ಧಾರೆಗಳ ದಾರಿಗೆ ಪೊಲೀಸರು ಅಡ್ಡ ಹಗ್ಗ ಕಟ್ಟಿರುತ್ತಾರೆ. ಹೆಸರಿಲ್ಲದ ಧಾರೆಗಳ ಹತ್ತಿರ ಯಾರೂ ಸುಳಿಯುವುದಿಲ್ಲ. ನಮಗೆ ಬೇಕಾಗಿದ್ದದ್ದೂ ಅವೇ.

ಇದರ ವಿದ್ಯೆ ಇಷ್ಟೇ. ಲೆನ್ಸಿನ ಮುಂದೆ ಕಪ್ಪು ಗಾಜು ಹಾಕಿ ಶಟರನ್ನು ಮೂರು ನಾಲ್ಕು ನಿಮಿಷ ತೆರೆದೇ ಬಿಡಬೇಕು. ಅಷ್ಟು ಹೊತ್ತೂ ಕದಲದೆ ಇದ್ದ ಬಂಡೆ, ಮರ ಚೆನ್ನಾಗಿ ಮೂಡುತ್ತವೆ. ಹರಿಯುವ ನೀರು ಹಿಂಜಿದ ಅರಳೆಯಾಗುತ್ತದೆ. ನಡುವೆ ಅಡ್ಡ ಓಡಿದ ನಾಯಿ ಚಿತ್ರದಲ್ಲಿ ಬರುವುದೇ ಇಲ್ಲ. ಬಟ್ಟೆ ನೆನೆಹಾಕಿ ಕಾಯುವುದಕ್ಕಿಂತ ಇದರಲ್ಲಿ ಹೆಚ್ಚಿನ ಕಷ್ಟವೇನಿಲ್ಲ. ಆದರೆ ನಮ್ಮ ಗುಂಪಿನ ಗಂಡಸರು ಇದನ್ನು ತಪಸ್ಸು ಎನ್ನುತ್ತಿದ್ದರು. ಹೆಂಡತಿ ಮಾಡಿದರೆ ಕೆಲಸ, ತಾವು ಮಾಡಿದರೆ ತಪಸ್ಸು.

ಭಾನುವಾರದ ಆ ಗುಂಪಿನಲ್ಲಿ ನಾವು ನಾಲ್ಕೈದು ಜನ. ಉಡುಪಿ ಕಡೆಯ, ಹೋಟೆಲು ನಡೆಸುವ ಹಿರಿಯರೊಬ್ಬರು. ಪವಾಯಿಯಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದ ಇಬ್ಬರು. ಮತ್ತೆ ನಾವು ಗಂಡ ಹೆಂಡತಿ, ಧಾರವಾಡದವರು. ಹೆಂಗಸು ನಾನೊಬ್ಬಳೇ, ಆದ್ದರಿಂದ ಉಪ್ಪಿಟ್ಟಿನ ಡಬ್ಬಿಯೂ ನನ್ನ ಚೀಲದಲ್ಲೇ. ಯಜಮಾನಿಕೆ ನನ್ನ ಗಂಡನದು. ಅವನು ಒಂದು ಕಾಯಿದೆ ಮಾಡಿದ್ದ. ಯಾರಾದರೂ ಶಟರ್ ತೆರೆದಾಗ ಗಟ್ಟಿಯಾಗಿ ‘ಓಪನ್’ ಅನ್ನಬೇಕು. ಅವರೇ ‘ಕ್ಲೋಸ್’ ಅನ್ನುವವರೆಗೆ ಉಳಿದವರು ಇದ್ದಲ್ಲೇ ನಿಲ್ಲಬೇಕು. ನಡೆಯಬಾರದು, ಮಾತಾಡಬಾರದು, ಕೆಮ್ಮು ಬಂದರೂ ನುಂಗಿಕೊಳ್ಳಬೇಕು. ಬಂಡೆ ನಡುಗಿದರೆ ಚಿತ್ರ ಕೆಡುತ್ತದಂತೆ. ಒಮ್ಮೆ ಪವಾಯಿಯ ಹುಡುಗನೊಬ್ಬ ಓಪನ್ ಆಗಿದ್ದಾಗ ಸೀನಿದ. ಮುಂದಿನ ಭಾನುವಾರ ಅವನಿಗೆ ಕರೆ ಹೋಗಲಿಲ್ಲ.

ನಾನು ಈ ಕಾಯಿದೆಯನ್ನು ಮನೆಯಲ್ಲೂ ಪಾಲಿಸುವಷ್ಟು ಪಳಗಿದ್ದೆ. ಅವನು ಮೇಜಿನ ಮೇಲೆ ಲೋಟವನ್ನೋ ಹೂವನ್ನೋ ಇಟ್ಟು ಪ್ರಯೋಗ ಮಾಡುತ್ತಾ ‘ಓಪನ್’ ಅಂದರೆ ಒಗ್ಗರಣೆ ಹೊತ್ತಿಕೊಂಡರೂ ಸೌಟು ಹಿಡಿದು ನಿಂತಿರುತ್ತಿದ್ದೆ.

ಆ ದಿನ ಮಳೆ ಬಿಟ್ಟಿತ್ತು, ನೀರು ಬಿಟ್ಟಿರಲಿಲ್ಲ. ಧಾರೆ ಒಂದು ಮಡುವಿಗೆ ಬಿದ್ದು, ಅಲ್ಲಿಂದ ಕೆಳಗಿನ ಬಂಡೆಗಳ ನಡುವೆ ಮತ್ತೆ ಧುಮುಕುತ್ತಿತ್ತು. ಗಂಡ ಎದುರಿನ ಎತ್ತರದ ಬಂಡೆಯ ಮೇಲೆ ಟ್ರೈಪಾಡ್ ಹೂಡಿದ್ದ. ಉಳಿದವರು ತಿರುವಿನ ಆಚೆ, ಕೆಳಗೆ ಎಲ್ಲೋ ಇದ್ದರು. ನಾನು ಹಳದಿ ರೇನ್‌ಕೋಟು ಹಾಕಿಕೊಂಡು, ನನ್ನ ಸಣ್ಣ ಕ್ಯಾಮೆರಾ ಕೊರಳಿಗೆ ಹಾಕಿಕೊಂಡು, ಮಡುವಿನ ಅಂಚಿನಲ್ಲಿ ಕಲ್ಲಿನಿಂದ ಕಲ್ಲಿಗೆ ದಾಟುತ್ತಿದ್ದೆ. ಒಂದು ಕಾಲು ಮುಂದಿಟ್ಟಿದ್ದೆ, ಇನ್ನೊಂದು ಹಿಂದಿನ ಪಾಚಿಗಲ್ಲಿನ ಮೇಲಿತ್ತು. ಆಗ ಮೇಲಿನಿಂದ ಕೇಳಿತು, ‘ಓಪನ್!’

ನಿಂತುಬಿಟ್ಟೆ. ಬುದ್ಧಿ ಇದ್ದವರು ಯಾರೂ ಅಲ್ಲಿ ನಿಲ್ಲುತ್ತಿರಲಿಲ್ಲ. ಇನ್ನೊಂದು ಹೆಜ್ಜೆ ಹಾಕಿದ್ದರೆ ಒಣಗಿದ ಬಂಡೆ ಸಿಗುತ್ತಿತ್ತು. ನಾನು ಎರಡೂ ಕಾಲು ಚಾಚಿಕೊಂಡು ಪಾಚಿಯ ಮೇಲೆ ಬೊಂಬೆಯ ಹಾಗೆ ನಿಂತೆ. ಹಿಂದಿನ ಕಾಲು ನಿಧಾನವಾಗಿ ಜಾರತೊಡಗಿದ್ದು ನನಗೆ ಗೊತ್ತಾಗುತ್ತಿತ್ತು. ನೀರಿಗೆ ಬಿದ್ದಾಗಲೂ ನಾನು ಕಿರುಚಲಿಲ್ಲ. ಇದನ್ನು ಬರೆಯುವಾಗ ನನ್ನ ಮೇಲೇ ನನಗೆ ಅಸಹ್ಯವಾಗುತ್ತದೆ. ಮೂಗಿಗೆ ನೀರು ನುಗ್ಗುತ್ತಿದೆ, ತಲೆಯಲ್ಲಿ ಮಾತ್ರ ‘ಶಟರ್ ತೆರೆದಿದೆ, ಸದ್ದು ಮಾಡಬೇಡ.’

ನೀರು ನನ್ನನ್ನು ಮಡುವಿನ ನಡುವಿಗೆ ಎಳೆದುಕೊಂಡು ಹೋಗಿ, ಕೆಳಗೆ ಧುಮುಕುವ ಜಾಗದಲ್ಲಿ ಒಂದು ಬಂಡೆಗೆ ಒತ್ತಿ ಹಿಡಿಯಿತು. ಕೈಗೆ ಒಂದು ಬೇರು ಸಿಕ್ಕಿತು. ಆಗ ಕಿರುಚಿದೆ. ಒಂದು ಸಲವಲ್ಲ, ಗಂಟಲು ಹರಿಯುವ ಹಾಗೆ ಕಿರುಚಿದೆ. ತಿರುವಿನ ಆಚೆಯಿಂದ ಹೋಟೆಲಿನ ಹಿರಿಯರು ಓಡಿಬಂದರು. ಅರವತ್ತು ದಾಟಿದ ಮನುಷ್ಯ ಪಂಚೆ ಎತ್ತಿ ಕಟ್ಟಿ ಸೊಂಟದವರೆಗೆ ಇಳಿದು ಕೊಡೆಯ ಹಿಡಿಕೆ ಚಾಚಿದರು. ‘ಹಿಡ್ಕೊಳ್ಳಿ ಮಾರಾಯ್ರೆ, ಗಟ್ಟಿ ಹಿಡ್ಕೊಳ್ಳಿ, ಬಿಡ್ಬೇಡಿ!’ ನಾನು ದಡಕ್ಕೆ ಬಿದ್ದು ನೀರು ಕಾರುತ್ತಿದ್ದಾಗ ಮೇಲಿನಿಂದ ‘ಕ್ಲೋಸ್’ ಎಂಬ ಸದ್ದು ಬಂತು.

ಅವನು ಇಳಿದುಬಂದ. ಮೊದಲು ನನ್ನ ಕೊರಳು ನೋಡಿದ. ‘ಕ್ಯಾಮೆರಾ ಎಲ್ಲೈತಿ?’ ಅಂದ. ಹೊಳೆಯ ಪಾಲಾಗಿತ್ತು. ‘ಲೆನ್ಸ್ ಹೋತಲ್ಲ!’ ಎಂದು ಹಣೆ ಬಡಿದುಕೊಂಡ. ಹೋಟೆಲಿನವರು ತಡೆಯಲಾರದೆ, ‘ನಿಮಗೆ ಕೇಳ್ಲಿಲ್ವಾ ಎಂತ?’ ಅಂದರು. ನೀರಿನ ಸದ್ದಿನಲ್ಲಿ ಏನು ಕೇಳುತ್ತದೆ, ತಾನು ಮೊಬೈಲಿನಲ್ಲಿ ಸೆಕೆಂಡು ನೋಡುತ್ತಿದ್ದೆ ಎಂದ.

ಆವತ್ತಿನಿಂದ ನನಗೆ ಒಂದೇ ಪ್ರಶ್ನೆ. ಅವನು ನನ್ನನ್ನು ನೋಡಿದ್ದನೋ ಇಲ್ಲವೋ? ನೋಡಿರದಿದ್ದರೆ ಸರಿ, ಲೆನ್ಸಿಗೆ ಅತ್ತದ್ದನ್ನೂ ನುಂಗಿಕೊಂಡು ಅವನಿಗೆ ರೊಟ್ಟಿ ಬಡಿದು ಹಾಕುತ್ತಾ ಬಾಳುವೆ ತೆಗೆಯಬಲ್ಲೆ. ನೋಡಿದ್ದರೆ ಆ ಮನೆಯಲ್ಲಿ ಒಂದು ತುತ್ತೂ ಇಳಿಯುವುದಿಲ್ಲ. ಮಧ್ಯದ ದಾರಿ ನನಗೆ ಕಾಣಲಿಲ್ಲ. ಒಂದು ವಾರ ತಡೆದುಕೊಂಡು ಕೊನೆಗೆ ಕೇಳಿಯೇ ಬಿಟ್ಟೆ.

ಅವನಿಗೆ ಸಿಟ್ಟೂ ಬರಲಿಲ್ಲ. ನನ್ನನ್ನು ಕಂಪ್ಯೂಟರಿನ ಮುಂದೆ ಕೂರಿಸಿ ಆ ದಿನದ ಚಿತ್ರ ತೆರೆದ. ಬೆಳ್ಳಗಿನ ನೀರು, ಕಪ್ಪು ಬಂಡೆ, ಮಡುವಿನ ಮೇಲೆ ಮಂಜಿನಂಥ ಪದರ. ‘ಹುಡುಕು. ಎಲ್ಲಿದ್ದಿ ನೀ?’ ಅಂದ. ನಾನು ನಿಜವಾಗಿಯೂ ಹುಡುಕಿದೆ. ಬೇರು ಹಿಡಿದ ಜಾಗ ಇದೇ ಇರಬೇಕು ಅಂದುಕೊಂಡ ಕಡೆ ನೋಡಿದೆ, ಅಲ್ಲಿ ಏನೂ ಇರಲಿಲ್ಲ. ಪಾಠ ಹೇಳುವ ದನಿಯಲ್ಲಿ ಅವನು ವಿವರಿಸಿದ. ‘ಓಡಾಡಿದ್ದು ಅಳಿಸಿ ಹೋಗತೈತಿ, ಖರೆ. ಆದ್ರ ಅಷ್ಟೊತ್ತು ಬೇರು ಹಿಡಕೊಂಡು ಒಂದs ಕಡೆ ಇದ್ದಿ ಅಂದ್ರ ಒಂದು ಕಲೆನಾದ್ರೂ ಬೀಳಬೇಕಲ್ಲ? ನೀ ಬಿದ್ದದ್ದು ಬಾಜೂಕ. ಫ್ರೇಮಿನೊಳಗ ಇದ್ದಿಲ್ಲ. ನನಗ ಹೆಂಗ ಕಾಣಬೇಕು?’

ಮಾತು ಸರಿಯಾಗಿತ್ತು. ಶಾಸ್ತ್ರದ ಪ್ರಕಾರ ಕಲೆ ಇರಬೇಕು. ಇರಲಿಲ್ಲ. ನಾನು ನಂಬಿದೆ. ನಂಬಿದೆ ಎನ್ನುವುದಕ್ಕಿಂತ ಹಗುರಾದೆ ಎನ್ನಬೇಕು. ಸಂಜೆ ಅವನಿಗೆ ಇಷ್ಟವೆಂದು ಎಣ್ಣೆಗಾಯಿ ಮಾಡಿದೆ, ಸಂಶಯಪಟ್ಟಿದ್ದಕ್ಕೆ ಒಳಗೊಳಗೇ ನಾಚಿಕೊಂಡೆ.

ಆ ಚಿತ್ರಕ್ಕೆ ಬಹುಮಾನ ಬಂತು. ದೀಪಾವಳಿಯ ಹೊತ್ತಿಗೆ ಕನ್ನಡದವರ ಸಂಘವೊಂದು ಅವನನ್ನು ಮಾತಾಡಲು ಕರೆಯಿತು. ಸಭಾಂಗಣ ತುಂಬಿತ್ತು. ನಾನು ಮುಂದಿನ ಸಾಲಿನಲ್ಲಿ, ರೇಷ್ಮೆ ಸೀರೆ ಉಟ್ಟು, ಅವನ ಶಾಲು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಹಿಂದೆ ಹೋಟೆಲಿನ ಹಿರಿಯರು. ಅವನು ಚೆನ್ನಾಗಿ ಮಾತಾಡಿದ, ಅದನ್ನು ಒಪ್ಪಬೇಕು. ವೇದಿಕೆಯ ಮೇಲೆ ಮೈಕು ಸಿಕ್ಕರೆ ಅವನ ಧಾರವಾಡದ ಮಾತು ಮಾಯವಾಗಿ ಪುಸ್ತಕದ ಕನ್ನಡ ಬರುತ್ತಿತ್ತು.

ಕೊನೆಗೆ ಪರದೆಯ ಮೇಲೆ ಬಹುಮಾನದ ಚಿತ್ರ ಹಾಕಿದ. ‘ಈ ಕಲೆಯಲ್ಲಿ ಮುಖ್ಯವಾದದ್ದು ತಾಳ್ಮೆ. ಇದನ್ನು ತೆಗೆಯುವಾಗ ನಡುವೆ ಫ್ರೇಮಿನೊಳಗೆ ಅಡಚಣೆ ಬಂತು. ನನ್ನ ಕಣ್ಣೆದುರಿಗೇ ಬಂತು. ಹೊಸಬರಾಗಿದ್ದರೆ ಗಾಬರಿಯಾಗಿ ಶಟರ್ ಮುಚ್ಚಿಬಿಡುತ್ತಿದ್ದರು. ನಾನು ಮುಚ್ಚಲಿಲ್ಲ. ಬಹಳಷ್ಟು ತಾನಾಗಿಯೇ ಅಳಿಸಿಹೋಗುತ್ತದೆ ಎಂದು ಗೊತ್ತಿತ್ತು. ಉಳಿದದ್ದು ಇಷ್ಟೇ’ ಎಂದು ಗುಂಡಿ ಒತ್ತಿದ.

ಅದೇ ಚಿತ್ರ, ತಿದ್ದುವ ಮೊದಲಿನದು. ಮಡುವಿನ ತುದಿಯಲ್ಲಿ, ಬೇರಿನ ಪಕ್ಕ, ಹಳದಿಯ ಒಂದು ಕಲೆ. ಗೋಡೆಯಷ್ಟು ದೊಡ್ಡ ಪರದೆಯ ಮೇಲೆ ಅದು ನನ್ನಷ್ಟೇ ಎತ್ತರವಿತ್ತು.

‘ಕಂಪ್ಯೂಟರಿನಲ್ಲಿ ಅರ್ಧ ಗಂಟೆಯ ಕೆಲಸ’ ಎಂದು ಮತ್ತೆ ಒತ್ತಿದ. ಕಲೆ ಹೋಯಿತು. ಮತ್ತೆ ಒತ್ತಿದ, ಬಂತು. ಒತ್ತಿದ, ಹೋಯಿತು. ಜನ ಚಪ್ಪಾಳೆ ತಟ್ಟಿದರು.

ಹಿಂದಿನಿಂದ ಒಬ್ಬ ಹುಡುಗಿ ಎದ್ದು ತಡವರಿಸುತ್ತಾ ಕೇಳಿದಳು, ‘ಸರ್, ವೋ ಯೆಲ್ಲೋ ಕ್ಯಾ ಥಾ? ಹಳದಿ ಎಲೆ ಇತ್ತಾ?’

‘ಎಲೆಯಲ್ಲ. ಯಾರೋ ನಡುವೆ ಬಂದಿದ್ದರು’ ಎಂದ.

ನಾನು ಎದ್ದು ನಿಂತೆ. ಶಾಲು ಕೆಳಗೆ ಬಿತ್ತು. ಮೈಕಿಲ್ಲದಿದ್ದರೂ ಎಲ್ಲರಿಗೂ ಕೇಳುವ ಹಾಗೆ ‘ಅದು ನಾನು’ ಅಂದೆ.

ಗಂಡ ಹೆಂಡತಿ ಸೇರಿ ಮಾಡಿಕೊಂಡು ಬಂದ ತಮಾಷೆ ಇರಬೇಕು ಅಂದುಕೊಂಡು ಜನ ನಕ್ಕರು. ಅವನ ಮುಖ ಒಂದು ಕ್ಷಣ ಬಿಳಿಚಿತು. ಆಮೇಲೆ ನಗುವ ಸಭೆಯನ್ನು ನೋಡಿ ಅವನಿಗೆ ಧೈರ್ಯ ಬಂತು. ನನ್ನ ಕಡೆ ತಿರುಗದೆ, ಸಭೆಗೆ ಹೇಳಿದ, ‘ಅಲ್ಲಾಡದಂಗ ಇದ್ದಿದ್ರ ಚೊಲೋ ಬರ್ತಿದ್ಲು.’

ಸಭೆಗೆ ಸಭೆಯೇ ಬಿದ್ದುಬಿದ್ದು ನಕ್ಕಿತು.

ನಾನು ಹೊರಗೆ ಬಂದೆ. ಅಳು ಬರಲಿಲ್ಲ, ಕೊಲ್ಲುವಷ್ಟು ದ್ವೇಷ ಬಂತು. ಹೋಟೆಲಿನ ಹಿರಿಯರು ಹಿಂದೆಯೇ ಬಂದು, ಬಾಗಿಲ ಬಳಿಯ ರಾಶಿಯಲ್ಲಿ ನನ್ನ ಚಪ್ಪಲಿ ಹುಡುಕಿಕೊಟ್ಟರು. ಒಳಗೆ ಕೊನೆಯ ಸಾಲಿನವರು ಯಾರೋ ತಮಗೆ ಸರಿಯಾಗಿ ಕಾಣಲಿಲ್ಲ ಎಂದು ಕೂಗಿದರು. ಅವನು ಅವರಿಗಾಗಿ ಇನ್ನೊಂದು ಸಲ ತೋರಿಸಿದ.