ಭೂಪಾಲಕಾಕಾನ ಕೈಗೆ ತಕ್ಕ ರಿವಾಲ್ವರ್

ಹೋದ ವಾರ ಊರಿಗೆ ಹೊರಟವನು ನಿಪ್ಪಾಣಿಯ ಬಸ್ ನಿಲ್ದಾಣದ ಎದುರು ಶೇಂಗಾ ಹಾಕಿದ ಖಾರದ ಚುರುಮುರಿ, ಅಂದರೆ ಭಡಂಗ ಕೊಂಡೆ. ಅಂಗಡಿಯವನು ಅದನ್ನು ಹಳೆಯ ಪತ್ರಿಕೆಯ ಹಾಳೆಯಲ್ಲಿ ಸುತ್ತಿ ಕೊಟ್ಟ. ತಿಂದು ಮುಗಿದ ಮೇಲೆ ಪೊಟ್ಟಣದ ಹಾಳೆಯನ್ನು ಬಿಡಿಸಿ ಓದದೆ ಎಸೆಯುವವನಲ್ಲ ನಾನು. ಇಪ್ಪತ್ತೆಂಟು ವರ್ಷ ಮಾಸ್ತರಿಕೆ ಮಾಡಿದವನಿಗೆ ಅಕ್ಷರ ಕಂಡಲ್ಲೆಲ್ಲ ತಪ್ಪು ಹುಡುಕುವ ಚಟ. ಎಣ್ಣೆ ಹೀರಿದ ಆ ಹಾಳೆಯ ಮೂಲೆಯಲ್ಲಿ ಒಂದು ಪ್ರಕಟಣೆ ಇತ್ತು. ಚುನಾವಣೆ ಘೋಷಣೆಯಾಗಿರುವುದರಿಂದ ಪರವಾನಗಿ ಪಡೆದು ಶಸ್ತ್ರ ಇಟ್ಟುಕೊಂಡವರೆಲ್ಲ ಅವನ್ನು ಹತ್ತಿರದ ಪೊಲೀಸ್ ಠಾಣೆಯಲ್ಲಿ ಠೇವಣಿ ಇಡತಕ್ಕದ್ದು ಎಂದು. ತಪ್ಪೇನೂ ಇರಲಿಲ್ಲ. ಆದರೂ ನನಗೆ ನಗು ಬಂತು, ಬಾಯಲ್ಲಿದ್ದ ಶೇಂಗಾ ಗಂಟಲಿಗೆ ಹೋಗಿ ಕೆಮ್ಮು ಹತ್ತಿತು. ಅಂಗಡಿಯವನು “ಖಾರ ಹೆಚ್ಚಾತೇನ್ರಿ ಸರ್?” ಎಂದು ನೀರು ಕೊಟ್ಟ. ಖಾರವಲ್ಲಪ್ಪ, ನಮ್ಮ ಭೂಪಾಲಕಾಕಾ ಎಂದು ಅವನಿಗೆ ಹೇಗೆ ತಿಳಿಸುವುದು? ನಿಮಗಾದರೆ ಬಿಡುವಿದೆ, ಕೇಳಿ.

ಭೂಪಾಲಕಾಕಾ ನನ್ನ ಅಪ್ಪನ ಕೊನೆಯ ತಮ್ಮ. ಸದಲಗಾದ ಹತ್ತಿರ ದೂಧಗಂಗೆಯ ದಂಡೆಗೆ ನಮ್ಮ ಊರು. ಆರು ಎಕರೆ ಕಬ್ಬು, ನಾಲ್ಕು ಎಮ್ಮೆ, ಒಂದು ದೊಡ್ಡ ಬಾಯಿ, ಇಷ್ಟು ಕಾಕಾನ ಆಸ್ತಿ. ಯಾವ ವಸ್ತು ಕೊಂಡರೂ ಬೇಕಾದ್ದಕ್ಕಿಂತ ಒಂದು ಸೈಜು ದೊಡ್ಡದನ್ನೇ ಕೊಳ್ಳುವುದು ಅವನ ಪದ್ಧತಿ. ಆರು ಎಕರೆಗೆ ಐವತ್ತೈದು ಅಶ್ವಶಕ್ತಿಯ ಟ್ರ್ಯಾಕ್ಟರ್ ತಂದ. ಅದು ನಮ್ಮ ಹೊಲದಲ್ಲಿ ತಿರುಗಬೇಕೆಂದರೆ ಪಕ್ಕದವರ ಹೊಲಕ್ಕೆ ಹೋಗಿ ಬರಬೇಕಾಗಿತ್ತು. ನದಿಗೆ ಪಂಪು ಕೂರಿಸುವಾಗ ಎಲ್ಲರೂ ಬೇಡವೆಂದರೂ ದೊಡ್ಡ ಮೋಟರನ್ನೇ ಹಾಕಿಸಿದ, ಮೊದಲ ದಿನವೇ ಪೈಪು ಕಿತ್ತುಕೊಂಡು ಪೂಜೆಗೆ ಬಂದವರನ್ನೆಲ್ಲ ತೋಯಿಸಿತು. ಅಥಣಿಗೆ ಹೋಗಿ ಚಪ್ಪಲಿ ಮಾಡಿಸಿದರೂ ಅಳತೆಗಿಂತ ಅರ್ಧ ಬೆರಳು ಉದ್ದವೇ. “ಕಾಲ ಬೆಳೀತಾವೇನ್ರಿ ಕಾಕಾ?” ಎಂದು ಒಮ್ಮೆ ಕೇಳಿದ್ದೆ. “ಬೆಳದ್ರ ಏನ ಮಾಡ್ತಿ?” ಎಂದಿದ್ದ. ಆಗ ಅವನಿಗೆ ಐವತ್ತು ದಾಟಿತ್ತು.

ಎಂಟು ವರ್ಷದ ಹಿಂದೆ ಚಿಕ್ಕೋಡಿಯಲ್ಲಿ ಒಂದು ಮದುವೆ. ರಾಯಬಾಗ ಕಡೆಯ ಒಬ್ಬ ಜಮೀನುದಾರರು ಸೊಂಟಕ್ಕೆ ರಿವಾಲ್ವರ್ ಕಟ್ಟಿಕೊಂಡು ಬಂದಿದ್ದರು. ಅವರು ಪಂಕ್ತಿಗೆ ಕೂರುತ್ತಲೇ ಬಡಿಸುವವರು ಸುತ್ತ ನೆರೆದರು. ಅವರ ಪಕ್ಕದ ಎಲೆಯೇ ಕಾಕಾನದು. ಊಟ ಮುಗಿಸಿ ನನ್ನ ಗಾಡಿಯ ಹಿಂದೆ ಕೂತ. ಅರ್ಧ ದಾರಿಗೆ ಬಂದಾಗ ನನ್ನ ಕಿವಿಯ ಹತ್ತಿರ ಬಾಯಿ ತಂದು, “ತಮ್ಮಾ, ಆ ಮನಶ್ಯಾನ ಹೋಳಿಗಿ ಮ್ಯಾಲ ಮೂರ ಸಲ ತುಪ್ಪಾ ಹಾಕಿದ್ರು. ನನಗ ಒಂದ ಸಲ. ನಮಗೂ ಒಂದ ಪಿಸ್ತೂಲ ಬೇಕಪಾ,” ಎಂದ.

ಇಲ್ಲಿ ನಮ್ಮ ಮನೆತನದ ಬಗ್ಗೆ ಒಂದು ಮಾತು ಹೇಳಬೇಕು. ನಾವು ಜೈನರು. ಅಂಗಳದಲ್ಲಿ ಇರುವೆಯ ಸಾಲು ಕಂಡರೆ ಕಾಕಾ ಎಮ್ಮೆಯನ್ನು ಸುತ್ತು ಹಾಕಿಸಿ ಒಳಗೆ ತರುತ್ತಾನೆ. ಅಂಥ ಮನೆಗೆ ರಿವಾಲ್ವರ್ ಎಂದಾಗ ಕಾಕಾನ ಹೆಂಡತಿ, ನಮ್ಮ ಕಾಕು, ಒಲೆಯ ಮುಂದಿನಿಂದ ಎದ್ದೇ ಬಂದಳು.

“ದೀಪಕ್ಕ ಹುಳಾ ಬೀಳತಾವಂತ ಹೊತ್ತ ಮುಳಗೂದ್ರಾಗ ಉಣ್ಣಾವ್ರ ನೀವು. ಪಿಸ್ತೂಲ ತಂದು ಯಾರಿಗಿ ಹೊಡ್ಯಾವ್ರಿ?”

“ಹೊಡ್ಯಾಕ ಅಲ್ಲ. ಇಟಗೊಳ್ಳಾಕ.”

“ಹಂಗಾದ್ರ ಖಾಲಿ ಚೀಲಾ ಸೊಂಟಕ್ಕ ಕಟಗೋರಿ. ಯಾರ ಬಿಚ್ಚಿ ನೋಡತಾರ?”

ಈಗ ಅನ್ನಿಸುತ್ತದೆ, ಆ ಇಡೀ ವರ್ಷದಲ್ಲಿ ಯಾರಾದರೂ ಕೊಟ್ಟ ಸಲಹೆಗಳಲ್ಲಿ ಅದೇ ಎಲ್ಲಕ್ಕಿಂತ ಜಾಣತನದ್ದು. ಆದರೆ ಅಷ್ಟರಲ್ಲಿ ಮಾತು ಹಾಲಿನ ಡೇರಿಯ ಕಟ್ಟೆಗೆ ಹೋಗಿ ಮುಟ್ಟಿತ್ತು. ಬೆಳಿಗ್ಗೆ ಹಾಲು ಹಾಕಲು ಬಂದವರೆಲ್ಲ ಖಾಲಿ ಕ್ಯಾನು ಪಕ್ಕಕ್ಕಿಟ್ಟು ಯಾವ ಅಳತೆಯ ಗುಂಡು ಒಳ್ಳೆಯದೆಂದು ಚರ್ಚೆಗೆ ಕೂರುತ್ತಿದ್ದರು. ಜೀವಮಾನದಲ್ಲಿ ಪಟಾಕಿಗಿಂತ ದೊಡ್ಡದನ್ನು ಹಾರಿಸದವರು ಒಂಬತ್ತು ಎಂ.ಎಂ., ಮೂವತ್ತೆಂಟು, ನಲವತ್ತೈದು ಎಂದು ಸರಾಗವಾಗಿ ಮಾತಾಡತೊಡಗಿದರು. ನಾನೂ ರಜೆಯಲ್ಲಿ ಹೋದಾಗ ಮೊಬೈಲಿನಲ್ಲಿ ಓದಿಕೊಂಡು ಒಂದಿಷ್ಟು ಪಾಂಡಿತ್ಯ ತೋರಿಸಿದ್ದೆ ಎಂಬುದನ್ನು ಮುಚ್ಚಿಡುವುದಿಲ್ಲ. ಒಂಬತ್ತು ಎಂ.ಎಂ. ಬಹಳ ಚಲೋ ಎಂದು ನಾನು ಹೇಳಿದಾಗ ಕಾಕಾ ನನ್ನನ್ನು ಕನಿಕರದಿಂದ ನೋಡಿದ.

“ಒಂಬತ್ತು? ನಮ್ಮ ಟ್ರ್ಯಾಕ್ಟರ ಐವತ್ತೈದರದ ಐತಿ. ಒಂಬತ್ತರದ ತಗೊಂಡು ನಾ ಏನ ಮಾಡ್ಲಿ? ನಲವತ್ತೈದರದ ಬರಲಿ.”

ಇದನ್ನು ಬಿಡಿಸಿ ಹೇಳಲು ದಸ್ತಗೀರ ಹವಾಲ್ದಾರರೇ ಬರಬೇಕಾಯಿತು. ಕುಡಚಿಯ ಅವರು ಕಾಕಾನ ಜೊತೆ ಸಾಲಿ ಕಲಿತವರು, ಫೌಜಿನಿಂದ ನಿವೃತ್ತರಾಗಿ ರೈಲು ಸ್ಟೇಷನ್ ಹತ್ತಿರ ಸೈಕಲ್ ಅಂಗಡಿ ಇಟ್ಟಿದ್ದರು. ಡೇರಿ ಕಟ್ಟೆಯ ಮೇಲೆ ಕೂತು ಎಲ್ಲವನ್ನೂ ಕೇಳಿದ ಮೇಲೆ ಅವರು ಹೇಳಿದರು: “ಲೇ ಭೂಪಾಲ, ನಲವತ್ತೈದು ಅಂದ್ರ ಇಂಚಿನ ನೂರನೇ ಪಾಲಿನ ಲೆಕ್ಕ, ಒಂಬತ್ತು ಅಂದ್ರ ಮಿಲಿಮೀಟರಿನ ಲೆಕ್ಕ. ನಿನ್ನ ಹೊಲಾ ಎಕರೆದಾಗ ಹೇಳಿದ್ರ ಆರು, ಗುಂಟೆದಾಗ ಹೇಳಿದ್ರ ಎರಡನೂರಾ ನಲವತ್ತು. ಅಷ್ಟಕ್ಕ ಹೊಲಾ ಬೆಳೀತೇನು? ಮತ್ತ ನೀವು ಹೇಳಾಕತ್ತಿದ್ದು ಯಾವೂ ನಿನಗ ಸಿಗೂದಿಲ್ಲ. ಅವೆಲ್ಲಾ ಫೌಜು, ಪೊಲೀಸರದು. ನಮ್ಮಂಥಾ ಮಂದಿಗಿ ಮೂವತ್ತೆರಡು, ಇಲ್ಲಂದ್ರ ಇಪ್ಪತ್ತೆರಡು.”

ಕಟ್ಟೆಯ ಮೇಲೆ ದುಃಖ ಕವಿಯಿತು. ಎರಡು ತಿಂಗಳ ಚರ್ಚೆಯನ್ನು ಸರಕಾರ ಮೊದಲೇ ಮುಗಿಸಿಬಿಟ್ಟಿತ್ತು. ಯಾರೋ ಮೂವತ್ತೆರಡರ ಕಾಡತೂಸು ಬಹಳ ತುಟ್ಟಿಯಂತೆ ಎಂದರು. ಕಾಕಾ ಎದ್ದು ನಿಂತ.

“ಗುಂಡಿನ ಖರ್ಚಿನ ಮಾತ ಯಾರೂ ತಗೀಬ್ಯಾಡ್ರಿ. ಅದನ್ನ ಬಿಟ್ಟು ಏನ ನೋಡಬೇಕು, ಅದನ್ನ ಹೇಳು ದಸ್ತಗೀರ.”

“ರೊಕ್ಕಾ ಬಿಟ್ಟರ ಉಳಿಯೂದ ಒಂದ,” ಎಂದರು ಹವಾಲ್ದಾರರು. “ಕೈ. ದೊಡ್ಡ ಗುಂಡು ದೊಡ್ಡ ಧಕ್ಕಾ ಕೊಡತೈತಿ. ಕೈ ತಡಕೊಂಡ್ರ ದೊಡ್ಡದು ತಗೋ. ನಡೀ, ಮನ್ಯಾಗ ನೋಡೂಣು.”

ಮನೆಯ ಪಡಸಾಲೆಯಲ್ಲಿ ಪರೀಕ್ಷೆ ನಡೆಯಿತು. ಒಂದು ತಂಬಿಗೆ ತುಂಬ ನೀರು, ಅದನ್ನು ಕೈ ಚಾಚಿ ಹಿಡಿಯಬೇಕು, ಹವಾಲ್ದಾರರು ಇಪ್ಪತ್ತು ಎಣಿಸುವವರೆಗೆ ಹನಿ ಬೀಳಬಾರದು. ಕಾಕಾ ಧೋತರ ಬಿಗಿಮಾಡಿಕೊಂಡು ನಿಂತ. ನಾಲ್ಕು ಎಣಿಸುವಷ್ಟರಲ್ಲಿ ತಂಬಿಗೆಯ ಬಾಯಿಂದ ನೀರು ತುಳುಕಿತು. ಏಳಕ್ಕೆ ಕಾಕಾನ ಪಾದ ತೋಯ್ದಿತು. ಹತ್ತಕ್ಕೆ ಹವಾಲ್ದಾರರು ಎಣಿಸುವುದನ್ನೇ ನಿಲ್ಲಿಸಿದರು.

“ತಂಬಿಗಿ ತೂತ ಬಿದ್ದೈತಿ,” ಎಂದ ಕಾಕಾ.

ಕಾಕು ಗಾಬರಿಯಿಂದ ತಂಬಿಗೆ ಇಸಿದುಕೊಂಡು ಬೆಳಕಿಗೆ ಹಿಡಿದು ನೋಡಿದಳು. ಅವಳ ತವರಿನ ತಂಬಿಗೆ ಅದು. ತೂತೇನೂ ಇರಲಿಲ್ಲ. ಆಗ ನನಗೆ ಒಂದೊಂದೇ ಹೊಳೆಯಿತು. ಕಾಕಾ ಈಚೆಗೆ ಚಹಾವನ್ನು ಬಸಿ ತಟ್ಟೆಗೆ ಸುರಿಯದೆ ಕಪ್ಪಿಗೇ ಬಾಯಿ ಬಗ್ಗಿಸಿ ಕುಡಿಯುತ್ತಿದ್ದ. ಅರ್ಜಿ ಬರೆಯಬೇಕಾದಾಗ ಕನ್ನಡಕ ಮರೆತೆ ಎಂದು ನನ್ನ ಕೈಗೆ ಕೊಡುತ್ತಿದ್ದ, ಕನ್ನಡಕ ಜೇಬಿನಲ್ಲೇ ಇರುತ್ತಿತ್ತು. ಮದುವೆಯ ಮನೆಯಲ್ಲಿ ಅಕ್ಷತೆಯನ್ನು ಎಲ್ಲರಿಗಿಂತ ಮೊದಲು ಎಸೆದು ಮುಗಿಸುತ್ತಿದ್ದ.

ಇದರಲ್ಲಿ ಮುಚ್ಚಿಡುವಂಥದ್ದು ಏನಿದೆ ಎನ್ನುತ್ತೀರಾ? ನಮ್ಮೂರ ಬಸದಿಯಲ್ಲಿ ವರ್ಷಕ್ಕೊಮ್ಮೆ ಪಂಚಾಮೃತ ಅಭಿಷೇಕವಾಗುತ್ತದೆ. ಅದರಲ್ಲಿ ಕಬ್ಬಿನ ಹಾಲಿನ ಕಲಶ ನಮ್ಮ ಮನೆಯದು. ನಮ್ಮ ಹೊಲದ ಕಬ್ಬು, ನಮ್ಮ ಗಾಣ, ನಮ್ಮವರದೇ ಕೈ. ಮುತ್ತಜ್ಜನಿಂದ ಅಜ್ಜನಿಗೆ, ಅಜ್ಜನಿಂದ ಕಾಕಾನಿಗೆ ಬಂದದ್ದು. ಮೂರು ಮೆಟ್ಟಿಲ ಹಲಗೆ ಏರಿ ನಿಂತು ಮೂರ್ತಿಯ ನೆತ್ತಿಯ ಮೇಲೆ ಸಣ್ಣ ಧಾರೆಯಾಗಿ ಸುರಿಯಬೇಕು. ಕಾಕಾ ಸುರಿಯುವುದನ್ನು ನೋಡಲೆಂದೇ ಪಕ್ಕದ ಊರಿನವರು ಬರುತ್ತಿದ್ದ ಕಾಲವಿತ್ತು. ಕೈ ನಡುಗುತ್ತದೆಂದು ಗೊತ್ತಾದರೆ ಯಾರಾದರೂ ಒಳ್ಳೆಯ ಮಾತಿನಲ್ಲೇ, ಇನ್ನು ಮೇಲೆ ಬೇರೆಯವರಿಗೆ ಬಿಡಿ ಎನ್ನುತ್ತಿದ್ದರು. ನಮ್ಮ ಮನೆಯಲ್ಲಿ ಕಾಕಾನ ಬಿಟ್ಟರೆ ಉಳಿದ ಗಂಡಸು ನಾನೊಬ್ಬ, ನಾನು ನಿಪ್ಪಾಣಿಯವನಾಗಿ ಹೋಗಿದ್ದೆ. ಆ ಕಲಶ ಕೈಬಿಟ್ಟರೆ ಕಾಕಾ ಊರೊಳಗೆ ಇದ್ದೂ ಇಲ್ಲದವನಾಗುತ್ತಿದ್ದ. ದೊಡ್ಡ ರಿವಾಲ್ವರ್ ಹೊತ್ತವನ ಕೈಯ ಮೇಲೆ ಯಾರಿಗೆ ಅನುಮಾನ ಬರುತ್ತದೆ? ತುಪ್ಪದ ಮಾತು ಬರೀ ನೆಪವಾಗಿತ್ತು. ಅದು ಗೊತ್ತಾದಾಗ ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಪರವಾನಗಿಗೆ ಮೊದಲು ಗುಂಡು ಹಾರಿಸುವ ತರಬೇತಿ ಪಡೆದ ಪತ್ರ ಬೇಕು. ಹವಾಲ್ದಾರರು, ನಾನು, ಕಾಕಾ ಮೂವರೂ ಬೆಳಗಾವಿಯ ಕಡೆಯ ಒಂದು ಮೈದಾನಕ್ಕೆ ಹೋದೆವು. ಗುರಿಯ ಹಿಂದೆ ಮಣ್ಣಿನ ಗುಡ್ಡೆ ಇತ್ತು. ಕಾಕಾ ರಿವಾಲ್ವರ್ ಮುಟ್ಟುವ ಮೊದಲು ತರಬೇತಿದಾರರನ್ನು ಕೇಳಿದ: “ಸಾಹೇಬ್ರ, ಆ ಗುಡ್ಡ್ಯಾಗ ಇರವಿ ಗೂಡ ಅದಾವೇನ್ರಿ?” ಅವರ ಸೇವೆಯಲ್ಲಿ ಆ ಪ್ರಶ್ನೆ ಯಾರೂ ಕೇಳಿರಲಿಲ್ಲ. ಹೋಗಿ ನೋಡಿ ಬಂದು ಇಲ್ಲವೆಂದರು.

ಮೂವತ್ತೆರಡನ್ನು ಒಂದೇ ಕೈಯಲ್ಲಿ ಹಿಡಿದು, ಎದೆ ಸೆಟೆಸಿ ಕಾಕಾ ಐದು ಗುಂಡು ಹಾರಿಸಿದ. ಪ್ರತಿ ಗುಂಡಿಗೂ ಕೈ ಆಕಾಶ ನೋಡಿ ಬಂತು. ಗುರಿಯ ಕಾಗದ ಅಂಗಡಿಯಿಂದ ತಂದಷ್ಟೇ ಹೊಸದಾಗಿ ಉಳಿಯಿತು.

“ಕಾಗದ ಭಾಳ ಸಣ್ಣದ ಹಚ್ಚ್ಯಾರ,” ಎಂದ.

ಹವಾಲ್ದಾರರು ಅವನನ್ನು ಬೇವಿನ ಗಿಡದ ಕೆಳಗೆ ಕರೆದೊಯ್ದರು. ನಾನೂ ಹಿಂದೆ ಹೋದೆ. ಕಾಕಾ ತನ್ನ ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡು ನಿಂತಿದ್ದ.

“ಕೈ ನನ್ನ ಮಾತ ಕೇಳವಲ್ದಪಾ ದಸ್ತಗೀರ. ಬಸ್ತಿ ಮಂದಿಗಿ ತಿಳದ್ರ ಕಲಶ ಹೋಗತೈತಿ.”

“ಎರಡೂ ಕೈಲೆ ಹಿಡಿಯೋ ಮಾರಾಯಾ. ಫೌಜದಾಗ ನಾವೆಲ್ಲಾ ಎರಡೂ ಕೈಲೆ ಹಿಡೀತಿದ್ವಿ. ಒಂದ ಕೈಲೆ ಹೊಡ್ಯಾವ್ರು ಬರೇ ಪೋಸ್ಟರದಾಗ ಇರತಾರ. ಮತ್ತ ಇಪ್ಪತ್ತೆರಡು ಹಿಡಿ, ಅದು ಒದಿಯೂದಿಲ್ಲ.”

ಇಪ್ಪತ್ತೆರಡನ್ನು ಎರಡೂ ಕೈಯಲ್ಲಿ ಹಿಡಿದು ಹಾರಿಸಿದಾಗ ಐದರಲ್ಲಿ ನಾಲ್ಕು ಕಾಗದಕ್ಕೆ ಬಿದ್ದವು. ಕಾಕಾನ ಮುಖ ನೋಡಬೇಕಿತ್ತು ನೀವು. ಆ ಕಾಗದವನ್ನು ಮಡಚಿ ಜೇಬಿಗಿಟ್ಟುಕೊಂಡ. ಬರುವ ದಾರಿಯಲ್ಲಿ ಕೈಯ ವಿಷಯ ಯಾರಿಗೂ ಹೇಳಬಾರದೆಂದು ಇಬ್ಬರಿಂದಲೂ ಮಾತು ತೆಗೆದುಕೊಂಡ. ಡೇರಿ ಕಟ್ಟೆಯಲ್ಲಿ ಮಾತ್ರ, “ನಾವು ಅಹಿಂಸಾ ಧರ್ಮದವ್ರು. ಎಷ್ಟ ಸಣ್ಣದಿದ್ರ ಅಷ್ಟ ಪಾಪ ಕಡಿಮಿ,” ಎಂದು ಹೇಳಿ ತನ್ನ ಜೀವನದಲ್ಲಿ ಮೊದಲ ಸಲ ಸಣ್ಣ ಸೈಜಿನ ವಸ್ತುವೊಂದನ್ನು ಕೊಂಡ. ಜನ ತಲೆದೂಗಿದರು.

ಆ ರಿವಾಲ್ವರ್ ಮನೆಯಲ್ಲಿ ಏನು ಮಾಡಿತು ಎಂದರೆ, ಏನೂ ಮಾಡಲಿಲ್ಲ. ಖಂಡೇನವಮಿಯ ಆಯುಧಪೂಜೆಗೆ ಕಾಕು ಕುಡಗೋಲು, ಈಳಿಗೆಮಣೆಗಳ ಸಾಲಿನಲ್ಲಿ ಅದನ್ನೂ ಇಟ್ಟು, ಕೊಬ್ಬರಿ ಎಣ್ಣೆ ಸವರಿ, ನಳಿಗೆಯೊಳಗೂ ಭಕ್ತಿಯಿಂದ ಕುಂಕುಮ ತುಂಬಿ, ಬಾಯಿಗೊಂದು ಚೆಂಡುಹೂ ಸಿಕ್ಕಿಸಿದಳು. ಹವಾಲ್ದಾರರು ಸೈಕಲ್ಲಿನ ಕಡ್ಡಿಗೆ ಅರಿವೆ ಸುತ್ತಿ ಮೂರು ದಿನ ತಿಕ್ಕಿದರೂ ಕೆಂಪು ಬರುವುದು ನಿಲ್ಲಲಿಲ್ಲ. ಇನ್ನು ಚುನಾವಣೆ ಬಂದಾಗಲೆಲ್ಲ ಅದು ಠಾಣೆಗೆ ಹೋಗುತ್ತಿತ್ತು. ನಮ್ಮಲ್ಲಿ ಚುನಾವಣೆಗೆ ಬರವೇ? ಬಾಣಂತನಕ್ಕೆ ಹೋದ ಮಗಳ ಹಾಗೆ ತಿಂಗಳುಗಟ್ಟಲೆ ಅಲ್ಲೇ ಇದ್ದು ಬರುತ್ತಿತ್ತು. ಅದರ ಜೊತೆ ತಂದ ಕಾಡತೂಸಿನ ಡಬ್ಬಿ ಇಂದಿಗೂ ಒಡೆದಿಲ್ಲ. ಗುಂಡಿನ ಖರ್ಚು ನೋಡದೆ ರಿವಾಲ್ವರ್ ಆರಿಸಿದ ಶ್ರೀಮಂತರು ಬೇಕಾದಷ್ಟು ಇರಬಹುದು, ಆ ಖರ್ಚೇ ಬಾರದಂತೆ ಬಳಸಿದವನು ನಮ್ಮ ಕಾಕಾ ಒಬ್ಬನೇ.

ನಾನು ಆ ದಿನ ಊರಿಗೆ ಹೊರಟದ್ದು ಅಭಿಷೇಕಕ್ಕೆ. ಈ ಎಂಟು ವರ್ಷವೂ ಕಾಕಾ ಹೇಗೋ ಪಾರಾಗಿದ್ದ. ಕಲಶವನ್ನು ಅರ್ಧವೇ ತುಂಬಿಸುವುದು, ಒಮ್ಮೆಗೇ ಸುರಿದುಬಿಡುವುದು, ಹಲಗೆ ಅಲುಗಾಡುತ್ತಿದೆ ಎಂದು ಬಡಿಗನನ್ನು ಬೈಯುವುದು. ಈ ಸಲ ಅದ್ಯಾವುದೂ ನಡೆಯಲಿಲ್ಲ. ಎರಡನೆಯ ಮೆಟ್ಟಿಲಲ್ಲೇ ಕಬ್ಬಿನ ಹಾಲು ತುಳುಕಿ ಪಂಡಿತರ ಹೆಗಲ ಮೇಲೆ ಬಿತ್ತು. ಮಂತ್ರ ನಿಂತಿತು. ಹಿಂದಿನಿಂದ ಯಾರೋ ಮೆಲ್ಲಗೆ, “ಕೈ ನಡಗಾಕತ್ತಾವ ನೋಡ್ರಿ,” ಎಂದರು.

ನಾನು ಕಣ್ಣು ಮುಚ್ಚಿಕೊಂಡೆ. ಕಾಕಾ ಹಲಗೆಯನ್ನು ಬೈಯಲಿ ಎಂದು ಕಾದೆ. ಅವನು ಬೈಯಲಿಲ್ಲ.

“ಹೌದು, ನಡಗತಾವ,” ಎಂದ, ಇಡೀ ಬಸದಿಗೆ ಕೇಳುವಂತೆ. “ಎಂಟ ವರ್ಷಾತು. ಎರಡೂ ಕೈಲೆ ಹಿಡದ್ರೂ ಈಗ ಸಾಲವಲ್ದು. ತಮ್ಮಾ, ಮ್ಯಾಲ ಬಾ. ನೀನೂ ಹಿಡಿ.”

ಯಾರೂ ಬೇಡವೆನ್ನಲಿಲ್ಲ. ಪಂಡಿತರು ಹೆಗಲು ಒರೆಸಿಕೊಂಡು ಮಂತ್ರ ಮುಂದುವರಿಸಿದರು. ಮಡಿ ಧೋತರ ಉಟ್ಟು ನಿಂತಿದ್ದ ನಾನು ಹಲಗೆ ಏರಿ ಕಾಕಾನ ಕೈಗಳ ಮೇಲೆ ನನ್ನ ಕೈಗಳನ್ನಿಟ್ಟೆ. ಕಲಶ ನಿಲ್ಲಬೇಕಿತ್ತು. ನಿಲ್ಲಲಿಲ್ಲ, ಮೊದಲಿಗಿಂತ ಹೆಚ್ಚೇ ಅಲುಗಾಡಿತು. ಕಾಕಾ ಕಲಶವನ್ನು ನೋಡಿದ, ನನ್ನನ್ನು ನೋಡಿದ.

“ಲೇ ಮಾಸ್ತರ, ಈ ನಡಗೂದು ನಂದಲ್ಲ.”

ಒಂದು ವರ್ಷದಿಂದ ನಾನು ಅಕ್ಷರ ದುಂಡಗಾಗಲಿ ಎಂಬ ನೆಪ ಹೇಳಿ ಬೋರ್ಡಿನ ಮೇಲೆ ಮಕ್ಕಳಿಂದಲೇ ಬರೆಸುತ್ತಿದ್ದೆ. ಮನೆಯಲ್ಲಿ ಚಹಾ ತುಳುಕಿದರೆ ಬಹಳ ಬಿಸಿ ಮಾಡಿದ್ದೀ ಎಂದು ತಪ್ಪನ್ನು ಹೆಂಡತಿಯ ಮೇಲೆ ಹೊರಿಸುತ್ತಿದ್ದೆ.

“ನಂದ್ರಿ ಕಾಕಾ,” ಎಂದೆ.

“ಯಾರಿಗಿ ಹೇಳಿದಿ?”

“ಈಗ ನಿಮಗ.”

ಕಾಕಾನಿಗೆ ನಗು ತಡೆಯಲಾಗಲಿಲ್ಲ. ಅವನು ನಕ್ಕರೆ ಕೈ ಇನ್ನೂ ನಡುಗುತ್ತದೆ, ಅವನ ಕೈ ನಡುಗಿದರೆ ನನ್ನದೂ. ನಾಲ್ಕು ಕೈಗಳಿಂದ ಕಬ್ಬಿನ ಹಾಲು ಮೂರ್ತಿಯ ನೆತ್ತಿಗೂ ಹೆಗಲಿಗೂ ನಮ್ಮಿಬ್ಬರ ಮೊಣಕೈವರೆಗೂ ಇಳಿಯಿತು. ಕೆಳಗೆ ನಿಂತವರು ಜಯಕಾರ ಹಾಕಿದರು.

ಕಾಕಾನ ನಂತರ ಈಗ ನಿಮಗೆ ಹೇಳಿದ್ದೇನೆ. ಹೆಂಡತಿಗೆ ಇಂದು ಸಂಜೆಯ ಚಹಾದ ಹೊತ್ತಿಗೆ ಹೇಳಬೇಕು.