ಮಂತ್ರಿಯ ಹೆಂಡತಿಗೆ ಬರುತ್ತಿದ್ದ ಪತ್ರಗಳು

ಈ ಜನ್ಮದಲ್ಲಿ ನಾನು ಅತಿ ಹೆಚ್ಚು ಹೊಟ್ಟೆಕಿಚ್ಚು ಪಟ್ಟದ್ದು ಒಬ್ಬ ಜರ್ಮನ್ ಹೆಂಗಸಿನ ಮೇಲೆ. ನಾನು ಹುಟ್ಟುವುದಕ್ಕೆ ಎಷ್ಟೋ ಮೊದಲೇ ಆಕೆ ಸತ್ತುಹೋಗಿದ್ದಳು. ಆಕೆಯ ಗಂಡ ಹತ್ತೊಂಬತ್ತನೆಯ ಶತಮಾನದಲ್ಲಿ ಚೂರುಚೂರಾಗಿದ್ದ ಆ ದೇಶವನ್ನು ಒಂದು ಮಾಡಿದ ದೊಡ್ಡ ಮಂತ್ರಿ, ಜಹಗೀರುದಾರ ಮನೆತನದವನು. ಅವನ ಹೆಸರನ್ನು ನಮ್ಮ ಮಾವ ಒಂದೊಂದು ಸಲ ಒಂದೊಂದು ತರ ಓದುತ್ತಿದ್ದುದರಿಂದ ನಾನು ಬರೀ ಮಂತ್ರಿ ಎನ್ನುತ್ತೇನೆ.

ಮದುವೆಯಾಗಿ ನಾನು ಮುಂಡಗೋಡದ ಹತ್ತಿರದ ಪಾಳಾಕ್ಕೆ ಬಂದದ್ದು ಸಾವಿರದ ಒಂಬೈನೂರ ಅರವತ್ತರ ಆಸುಪಾಸಿನಲ್ಲಿ. ಹದಿನೈದೇ ದಿನಕ್ಕೆ ನಮ್ಮವರು ದಾಂಡೇಲಿಯ ಕಾಗದದ ಕಾರ್ಖಾನೆಯ ಕೆಲಸಕ್ಕೆ ಮರಳಿದರು. ಅಲ್ಲಿ ನಾಲ್ವರು ಗಂಡಸರು ಒಂದೇ ಖೋಲಿಯಲ್ಲಿದ್ದರು, ನಾನು ಹೋಗುವಂತಿರಲಿಲ್ಲ. ಪತ್ರಗಳು ಮಾವನ ಹೆಸರಿಗೆ ಬರುತ್ತಿದ್ದವು. ಆಗಿನ ರೀತಿಯೇ ಹಾಗೆ. ಮನೆಯಲ್ಲಿ ಹಿರಿಯರಿರುವಾಗ ಹೆಂಡತಿಯ ಹೆಸರಿಗೆ ಪತ್ರ ಹಾಕಿದರೆ ಊರೆಲ್ಲ ನಗುತ್ತಿತ್ತು. ಮಾವ ನಿವೃತ್ತ ಶಾಲಾ ಮಾಸ್ತರರು, ಇತಿಹಾಸವೆಂದರೆ ಪ್ರಾಣ. ಪಡಸಾಲೆಯಲ್ಲಿ ಕೂತು ಪತ್ರವನ್ನು ದೊಡ್ಡ ದನಿಯಲ್ಲಿ ಓದುತ್ತಿದ್ದರು. ನಾನು ಅಡುಗೆಮನೆಯ ಬಾಗಿಲ ಹಿಂದೆ ನಿಂತು ಕೇಳುತ್ತಿದ್ದೆ.

ಹೀಗಿರುವಾಗ ನಮ್ಮವರಿಗೆ ದಾಂಡೇಲಿಯ ವಾಚನಾಲಯದಲ್ಲಿ ಆ ಮಂತ್ರಿಯ ಬಗ್ಗೆ ಒಂದು ದಪ್ಪ ಇಂಗ್ಲಿಷ್ ಪುಸ್ತಕ ಸಿಕ್ಕಿತು. ಅಲ್ಲಿಂದ ನನ್ನ ಗ್ರಹಚಾರ ಶುರುವಾಯಿತು. ಪತ್ರದ ತುಂಬ ಮಂತ್ರಿ, ಅವನ ಜಹಗೀರು, ಅವನ ಕಾಡು, ಕರುವಿನಷ್ಟೆತ್ತರದ ಅವನ ನಾಯಿಗಳು, ಯುದ್ಧದಲ್ಲಿ ಗಾಯಗೊಂಡ ಮಗನನ್ನು ಹುಡುಕಿಕೊಂಡು ಅವನು ಕುದುರೆ ಏರಿ ಹೋದದ್ದು. ಅಲ್ಲಿಯವರೆಗೆ ನನ್ನ ತಕರಾರೇನೂ ಇರಲಿಲ್ಲ. ಆಮೇಲೆ ಒಂದು ಪತ್ರದಲ್ಲಿ ಹೆಂಡತಿ ಬಂದಳು. ಆಕೆ ಪಿಯಾನೊ ನುಡಿಸುತ್ತಿದ್ದಳಂತೆ. ಯುದ್ಧಕ್ಕೆ ಹೋದಾಗಲೂ ಮಂತ್ರಿ ಆಕೆಗೆ ಪತ್ರ ಬರೆಯುವುದು ತಪ್ಪಿಸುತ್ತಿರಲಿಲ್ಲವಂತೆ. ಅದೂ ಆಕೆಯ ಹೆಸರಿಗೇ! ಇದನ್ನೆಲ್ಲ ಒಂದೂವರೆ ಪುಟ ಬರೆದು, ನಮ್ಮವರು ಕೊನೆಗೆ ‘ಮನೆಯವರೆಲ್ಲ ಕ್ಷೇಮವೆಂದು ನಂಬಿದ್ದೇನೆ’ ಎಂದು ಮುಗಿಸಿದ್ದರು. ಆ ‘ಎಲ್ಲ’ದೊಳಗೆ ಅತ್ತೆ, ಎಮ್ಮೆ, ನಾನು ಮೂವರೂ ಇದ್ದೆವು.

ನನ್ನ ಮೈ ಉರಿದುಹೋಯಿತು. ರೊಟ್ಟಿ ಬಡಿಯುತ್ತ ಆಕೆಯನ್ನು ಮನಸಾರೆ ಬೈದೆ. ಏನು ಕಡಿಮೆಯಿತ್ತು ಆಕೆಗೆ? ಅರಮನೆಯಂಥ ಮನೆ, ಆಳುಕಾಳು, ಸಾಲದ್ದಕ್ಕೆ ಪತ್ರ ಬೇರೆ. ನನಗೆ ಬೇಕಾಗಿದ್ದುದು ಒಂದೇ ಒಂದು ಪತ್ರ. ಮೇಲೆ ನನ್ನ ಹೆಸರು, ಒಳಗೆ ನನಗೊಬ್ಬಳಿಗೇ ಎಂದು ಬರೆದ ನಾಲ್ಕು ಮಾತು. ನಾನು ಏಳನೆಯ ಇಯತ್ತೆಯವರೆಗೆ ಕಲಿತವಳು. ನನಗೆ ಓದಲು ಬರುತ್ತದೆ ಎಂಬುದಾದರೂ ಅವರಿಗೆ ನೆನಪಿದೆಯೋ ಇಲ್ಲವೋ ಎಂದು ಅನುಮಾನವಾಗುತ್ತಿತ್ತು.

ಮಾವ ಉತ್ತರ ಬರೆಯಲು ಕೂತ ದಿನ ಧೈರ್ಯ ಮಾಡಿ ಬಾಗಿಲ ಹಿಂದಿನಿಂದಲೇ ಹೇಳಿದೆ.

“ಮಾವಾರ, ಆ ಮಂತ್ರಿ ಹೇಣ್ತಿ ಗಂಡನ ಕೂಡ ಇರ್ತಿದ್ಲೋ, ಅತ್ತಿ ಮನ್ಯಾಗ ಇರ್ತಿದ್ಲೋ, ಒಂದಿಷ್ಟು ಕೇಳ್ರಿ.”

ಈ ಕುಟುಕು ತಟ್ಟಿಯಾದರೂ ನನಗೊಂದು ಪತ್ರ ಬರಲಿ ಎಂಬುದು ನನ್ನ ಲೆಕ್ಕಾಚಾರ. ಮಾವನಿಗೆ ಹಿಗ್ಗೋ ಹಿಗ್ಗು.

“ಕೇಳಿದೇನ? ಸೊಸೀಗೂ ಇತಿಹಾಸದ ಹುಚ್ಚು ಹತ್ತೇತಿ!” ಎಂದು ಅತ್ತೆಗೆ ಹೇಳಿ, ಪ್ರಶ್ನೆಯನ್ನು ಇದ್ದಹಾಗೇ ಬರೆದರು. ಅತ್ತೆ ಮಾತ್ರ ನನ್ನ ಮುಖ ನೋಡಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ಹದಿನೈದು ದಿನದ ಮೇಲೆ ಬಂದ ಪತ್ರವೂ ಮಾವನ ಹೆಸರಿಗೇ ಇತ್ತು. ಮಂತ್ರಿ ರಾಯಭಾರಿಯಾಗಿದ್ದಾಗ ಹೆಂಡತಿ ಮಕ್ಕಳನ್ನು ತನ್ನ ಹತ್ತಿರವೇ ಕರೆಸಿಕೊಂಡಿದ್ದನಂತೆ, ಆಕೆಯನ್ನು ಬಿಟ್ಟಿರುವುದು ಅವನಿಗೆ ಕಷ್ಟವಾಗುತ್ತಿತ್ತಂತೆ. ಇಷ್ಟು ಓದಿದ ಮಾವ ತಡೆದು, ದನಿ ತಗ್ಗಿಸಿ ಕೊನೆಯ ಸಾಲು ಓದಿದರು. ಕಾರ್ಖಾನೆಯ ಕ್ವಾರ್ಟರ್ಸ್ ಸಿಕ್ಕಿದೆ, ಬರುವ ಸೋಮವಾರ ಬಂದು ಕರೆದುಕೊಂಡು ಹೋಗುತ್ತೇನೆ ಎಂದಿತ್ತು. ಯಾರನ್ನು ಎಂದು ಅದರಲ್ಲೂ ಬರೆದಿರಲಿಲ್ಲ.

ಮುಂಡಗೋಡದಲ್ಲಿ ಬಸ್ಸು ಹತ್ತಿ ದಾಂಡೇಲಿಗೆ ಹೋದೆ. ಸುಳ್ಳು ಯಾಕೆ ಹೇಳಲಿ, ಅವರು ನನ್ನನ್ನು ಚೆನ್ನಾಗಿಯೇ ನೋಡಿಕೊಂಡರು. ನಾನು ಹೋಗುವಷ್ಟರಲ್ಲಿ ಹೊಸ ಸ್ಟೋವು ತಂದಿಟ್ಟಿದ್ದರು, ಪಾಳಿ ಮುಗಿದರೆ ಸೀದಾ ಮನೆಗೆ ಬರುತ್ತಿದ್ದರು. ಒಂದು ಸಂಜೆ ಊಟಕ್ಕೆ ಕೂತಾಗ ಆ ದಪ್ಪ ಪುಸ್ತಕ ತೆರೆದು ಆಕೆಯ ಚಿತ್ರ ತೋರಿಸಿದರು. ಅಂಥ ಚೆಲುವೆಯೇನಲ್ಲ. ಅದನ್ನು ನೋಡಿದ ಮೇಲೆ ನನ್ನ ಕಿಚ್ಚು ಇನ್ನಷ್ಟು ಏರಿತು. ಇಂಥವಳಿಗೆ ಅಷ್ಟೊಂದು ಪತ್ರ!

“ನನಗೂ ಒಂದು ಪತ್ರ ಬರೀರಿ,” ಎಂದೆ.

ಅವರು ಕೈಯಲ್ಲಿದ್ದ ತುತ್ತು ಹಾಗೇ ಹಿಡಿದುಕೊಂಡು ನಕ್ಕರು. “ಹುಚ್ಚಿ, ಆಕಿ ದೂರ ಇದ್ಲು ಅಂತ ಅಂವ ಬರೀತಿದ್ದ. ನೀ ನನ್ನ ಮುಂದನ ಕುಂತೀಯಲ್ಲ, ನಿನಗ ಏನಂತ ಬರೀಲಿ?”

ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಅದಕ್ಕೇ ಸಿಟ್ಟು ನೆತ್ತಿಗೇರಿತು. ತಾಟು ಎತ್ತಿಕೊಂಡು ಎದ್ದು, ಅವರ ಕಡೆ ನೋಡದೆ ಕೇಳಿದೆ.

“ಮುಂಡಗೋಡದ ಬಸ್ಸು ಎಷ್ಟೊತ್ತಿಗೈತಿ?”